ಮೂಸಬಾವಿಗೆ ಆ ಹೆಸರು ಬಂದ ಬಗೆ

ಜಾಲಿಕೋಟೆಯಲ್ಲಿ ಬಸ್ಸು ಇಳಿದು, ಹಿಟ್ಟಿನ ಗಿರಣಿಯ ಪಕ್ಕದ ಓಣಿ ಹಿಡಿದು ಉತ್ತರಕ್ಕೆ ನಡೆದರೆ ಹತ್ತು ನಿಮಿಷದಲ್ಲಿ ಹಳೆಯ ಕೋಟೆಯ ಅಗಸೆ ಸಿಗುತ್ತದೆ. ಅಗಸೆಗೆ ಈಗ ಬಾಗಿಲಿಲ್ಲ. ಬಾಗಿಲು ತಿರುಗುತ್ತಿದ್ದ ಕಲ್ಲಿನ ಕುಳಿಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಗುಬ್ಬಿಗಳು ಅದರಲ್ಲಿ ಮೀಯುತ್ತವೆ. ಅಗಸೆ ದಾಟಿ ಎಡಕ್ಕೆ ಹೊರಳಿದರೆ ಒಂದು ಬಾವಿ. ಮೂರು ಕಡೆ ಕರಿಕಲ್ಲಿನ ಗೋಡೆ, ನಾಲ್ಕನೆಯ ಕಡೆ ಇಳಿಯುವ ಮೆಟ್ಟಿಲು. ಎತ್ತುಗಳು ನೀರೆತ್ತುವ ಕಪಿಲೆ ಎಳೆಯುತ್ತಿದ್ದ ಕಾಲದಲ್ಲಿ ಹಗ್ಗ ತಿಕ್ಕಿ ಸವೆದ ಎರಡು ಕಲ್ಲುಗಂಬಗಳು ದಂಡೆಯ ಮೇಲೆ ಇನ್ನೂ ನಿಂತಿವೆ. ಅವುಗಳ ಹಿಂದೆ ನೀರು ಬೀಳುವ ಕಲ್ಲಿನ ಡೋಣಿ. ಎತ್ತಿನ ಜಾಗಕ್ಕೆ ಮೋಟಾರು ಬಂದು ನಲವತ್ತು ವರ್ಷವಾಯಿತು. ಆದರೂ ನೀರು ಮೊದಲು ಡೋಣಿಗೇ ಬಿದ್ದು, ಅಲ್ಲಿಂದ ಸಣ್ಣ ಕಾಲುವೆಯಲ್ಲಿ ಹರಿದು ಪುದೀನದ ಮಡಿಗಳಿಗೆ ಹೋಗುತ್ತದೆ. ಬಾವಿಯ ಹತ್ತಿರಕ್ಕೆ ಬಂದವರಿಗೆ ಮಡಿ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬರುತ್ತದೆ.

ದಾರಿಯ ಬದಿಯಲ್ಲಿ ನೆಟ್ಟಿರುವ ಫಲಕದಲ್ಲಿ 'ಮೂಸಾ ಬಾವಿ' ಎಂದು ಬರೆದಿದೆ. ಅದನ್ನು ಓದಿದವರು ಮೂಸಾ ಎಂಬ ಯಾವುದೋ ಸರದಾರ ಕಟ್ಟಿಸಿದ ಬಾವಿಯೆಂದು ತಿಳಿಯುತ್ತಾರೆ. ಈ ಊರಿನ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಾಸ್ತರಿಕೆ ಮಾಡಿದ ನಾನೂ ಮೊದಮೊದಲು ಹಾಗೆಯೇ ತಿಳಿದು, ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಊರವರ ಬಾಯಲ್ಲಿ ಅದು 'ಮೂಸಬಾವಿ'. ಅದರ ಕಥೆಯನ್ನು ನನಗೆ ಹೇಳಿದವರು ಬಾವಿಯ ಕೆಳಗಿನ ತೋಟದ ಮನೆತನದ ಶರಣವ್ವ. ಅವರು ಅದನ್ನು ಅತ್ತೆಯಿಂದ ಕೇಳಿದ್ದರು, ಅತ್ತೆ ತನ್ನ ಅತ್ತೆಯಿಂದ. ಕೋಟೆಯ ದೇಸಾಯರ ವಂಶದವರು ಈಗ ಬೇರೆ ಊರಿನಲ್ಲಿದ್ದಾರೆ. ಅವರನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ಒಂದೆರಡು ಕಡೆ ಮಾತು ಬೇರೆಯಾದರೂ ನಡೆದದ್ದು ಇದೇ ಎಂದು ಇಬ್ಬರೂ ಒಪ್ಪುತ್ತಾರೆ.

ಹಿಂದೆ ಒಮ್ಮೆ, ಕೋಟೆಯಲ್ಲಿ ದೇಸಾಯರ ಆಳ್ವಿಕೆ ಇದ್ದಾಗ, ಈ ಬಾವಿಯ ಕೆಳಗೆ ಹುಲಿಗೆವ್ವ ಎಂಬ ಹೆಂಗಸು ತೋಟ ಮಾಡಿಕೊಂಡಿದ್ದಳು. ಗಂಡ ತೀರಿಹೋಗಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರದ ಊರುಗಳಿಗೇ ಕೊಟ್ಟಿದ್ದಳು. ಬದನೆ, ಮೆಣಸಿನಕಾಯಿ, ಕೊತ್ತಂಬರಿ ಬೆಳೆದು ಅರಮನೆಯ ಅಡಿಗೆಮನೆಗೆ ಕೊಡುವುದು ಆ ಮನೆತನದ ಹಕ್ಕೂ ಹೌದು, ಕರ್ತವ್ಯವೂ ಹೌದು. ಪುದೀನ ಆಗ ಈ ಸೀಮೆಗೆ ಹೊಸದು. ಬೀದರದ ಕಡೆಯಿಂದ ಕುದುರೆ ಮಾರಲು ಬಂದ ವ್ಯಾಪಾರಿಯೊಬ್ಬ ಬಾವಿಯ ದಂಡೆಯಲ್ಲಿ ಇಳಿದುಕೊಂಡಾಗ, ಹೊಟ್ಟೆನೋವಿನಿಂದ ಮುದುಡಿ ಕೂತಿದ್ದ ಹುಲಿಗೆವ್ವನಿಗೆ ತನ್ನ ಒದ್ದೆ ಬಟ್ಟೆಯ ಗಂಟಿನಿಂದ ನಾಲ್ಕೆಲೆ ಕಿತ್ತು ಅಗಿಯಲು ಕೊಟ್ಟನಂತೆ. ನೋವು ಇಳಿಯಿತು. ಅವಳು ಬೀಜ ಕೇಳಿದಳು. ಇದಕ್ಕೆ ಬೀಜದ ಹಂಗಿಲ್ಲ, ದಂಟೇ ಬೀಜ ಎಂದು ಹೇಳಿ ಅವನು ಗೆಣ್ಣಿರುವ ಆರು ತುಂಡು ದಂಟು ಕೊಟ್ಟುಹೋದ. ಅವಳು ಅವನ್ನು ಡೋಣಿಯ ಕೆಳಗೆ, ಸದಾ ತೇವವಿದ್ದು ನಡುಹಗಲಿನ ಬಿಸಿಲು ಬೀಳದ ಕಡೆ ಅಡ್ಡ ಮಲಗಿಸಿ ಮಣ್ಣು ಮುಚ್ಚಿದಳು. ಆರರಲ್ಲಿ ಮೂರು ಕೊಳೆತವು, ಮೂರು ಚಿಗುರಿದವು. ವರ್ಷ ತುಂಬುವುದರೊಳಗೆ ಬಳ್ಳಿಬೇರು ನೆಲದಡಿ ಹರಿದು ಕೊತ್ತಂಬರಿಯ ಮಡಿಗೂ ನುಗ್ಗಿತು. ಆಗ ಅವಳು ಸುತ್ತಲೂ ಮೊಣಕೈ ಆಳಕ್ಕೆ ಚಪ್ಪಡಿ ಹೂಳಿ ಅದಕ್ಕೊಂದು ಗಡಿ ಹಾಕಿದಳು. ಹೂ ಬಿಡುವ ಮೊದಲೇ ತುದಿ ಕೊಯ್ಯಬೇಕು, ಕೊಯ್ದಷ್ಟೂ ಕವಲೊಡೆಯುತ್ತದೆ, ಆದರೆ ಒಂದು ಕೊಯ್ಲಿಗೂ ಇನ್ನೊಂದಕ್ಕೂ ನಡುವೆ ಅದಕ್ಕೆ ಉಸಿರಾಡಲು ಬಿಡಬೇಕು ಎಂಬುದನ್ನೆಲ್ಲ ಅವಳು ಯಾರೂ ಹೇಳಿಕೊಡದೆ ಕಲಿತಳು.

ಅರಮನೆಗೆ ಪುದೀನದ ರುಚಿ ಬೇಗ ಹತ್ತಿತು. ದೇಸಾಯಿ ರಾಚಪ್ಪನ ತಾಯಿ ಚೆನ್ನಮಲ್ಲವ್ವ ಆ ಮನೆಯ ಹಿರಿಯಳು. ಮಗ ಕೋಟೆ ಆಳಿದರೆ ಅಡಿಗೆಮನೆಯನ್ನು ಆಳುವವಳು ಅವಳು. ಉಗ್ರಾಣದ ಕೀಲಿಕೈ ಅವಳ ಸೊಂಟದಲ್ಲಿ. ಹುರಿಯುವ ಜೀರಿಗೆಯ ವಾಸನೆ ಹಿಡಿದೇ ಇಳಿಸಬೇಕೋ ಬಿಡಬೇಕೋ ಎಂದು ಒಳಮನೆಯಿಂದಲೇ ಕೂಗಿ ಹೇಳುವಳು ಎಂದು ಅವಳಿಗೆ ಹೆಸರಿತ್ತು. ಮಜ್ಜಿಗೆಗೆ ಪುದೀನ ಅರೆದು ಹಾಕಿಸಿದವಳು, ಹಸಿಮೆಣಸಿನಕಾಯಿ, ಹುಣಸೆ, ಉಪ್ಪು ಕೂಡಿಸಿ ಚಟ್ನಿ ಮಾಡಿಸಿದವಳು, ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಮಣ್ಣಿನ ಭರಣಿಯಲ್ಲಿ ತುಂಬಿಟ್ಟವಳು ಅವಳೇ. ಹುಲಿಗೆವ್ವನಿಗೂ ಅವಳಿಗೂ ಮಾತು ಕಡಿಮೆ. ಆದರೆ ಪುದೀನದ ಕಟ್ಟು ಕೈಯಿಂದ ಕೈಗೆ ಬದಲಾಗುವಾಗ ಇಬ್ಬರೂ ಅದನ್ನೊಮ್ಮೆ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು ಎನ್ನುತ್ತಾರೆ.

ಹೀಗಿರುವಾಗ ರಾಚಪ್ಪ ದೇಸಾಯಿ ಹೊಸದಾಗಿ ಕುದುರೆಲಾಯ ಕಟ್ಟಿಸಿದ. ಲಾಯಕ್ಕೆ ನೀರು ಬೇಕಾಗಿ ಹುಲಿಗೆವ್ವನ ತೋಟದ ಪಾಳಿಯಲ್ಲಿ ಅರ್ಧವನ್ನು ಅತ್ತ ತಿರುಗಿಸಲು ಅಪ್ಪಣೆ ಮಾಡಿದ. ಅವಳು ಚಾವಡಿಗೆ ಬಂದು, ಎಲ್ಲರ ಎದುರು, "ಕುದುರಿ ಬಾಯಾರಿದ್ರ ಕೆನಿತೈತಿ ಧಣಿ, ಗಿಡ ಬಾಯಾರಿದ್ರ ಸುಮ್ನ ಒಣಗತೈತಿ. ಕೂಗೂದಿಲ್ಲ ಅಂತ ಅದರ ಪಾಲು ಕಸಿಯೂದು ನ್ಯಾಯ ಅಲ್ಲ" ಎಂದಳು. ದೇಸಾಯಿ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀರು ಅರ್ಧವಾದ ಮೇಲೆ ಅವಳು ಪುದೀನವನ್ನು ಲೆಕ್ಕ ಹಾಕಿ ಕೊಯ್ಯತೊಡಗಿದಳು. ಚಾವಡಿಯಲ್ಲಿ ಅವಳಾಡಿದ ಮಾತನ್ನು ಕೇಳಿದವರು ಬಹಳ ಮಂದಿ ಇದ್ದರು. ಆ ಮಾತು ಮುಂದೆ ಅವಳ ಮೇಲೆಯೇ ತಿರುಗಿ ಬಿತ್ತು.

ಆ ಬೇಸಿಗೆಯಲ್ಲಿ ದೇಸಾಯಿಯ ಮಗಳ ನಿಶ್ಚಯಕ್ಕೆಂದು ಹೊಳೆಯಾಚೆಯ ಸಂಸ್ಥಾನದಿಂದ ನಲವತ್ತು ಮಂದಿ ಬೀಗರು ಬಂದರು. ಎರಡು ಮನೆತನಗಳ ನಡುವೆ ಹೊಲದ ಗಡಿಗಾಗಿ ಎರಡು ತಲೆಮಾರು ಹೊಡೆದಾಟ ನಡೆದಿತ್ತು. ಈ ಮದುವೆಯಿಂದ ಅದು ನಿಲ್ಲಬೇಕೆಂಬುದು ಎರಡೂ ಕಡೆಯವರ ಬಯಕೆ. ಬೀಗರ ಹಿರಿಯ, ವರನ ಅಜ್ಜ ಬಸವಂತಪ್ಪನಿಗೆ ಎಪ್ಪತ್ತು ದಾಟಿತ್ತು. ಮೇನೆಯಲ್ಲಿ ಹೊತ್ತು ತಂದಿದ್ದರು. ಊಟದ ಹಿಂದಿನ ದಿನ ಚೆನ್ನಮಲ್ಲವ್ವ ನಾಲ್ಕು ಕಟ್ಟು ಪುದೀನ ಬೇಕೆಂದು ಹೇಳಿಕಳಿಸಿದಳು. ಹುಲಿಗೆವ್ವ ಎರಡು ಕಟ್ಟು ಕಳಿಸಿ, ಮೊನ್ನೆಯಷ್ಟೇ ಕೊಯ್ದಿದ್ದೇನೆ, ಇದಕ್ಕಿಂತ ಹೆಚ್ಚು ಕೊಯ್ದರೆ ಬುಡವೇ ಸಾಯುತ್ತದೆ, ಐದು ದಿನ ತಾಳಿದರೆ ಕೇಳಿದಷ್ಟು ಕೊಡುತ್ತೇನೆ ಎಂದು ಹೇಳಿಕಳಿಸಿದಳು. ಬೀಗರು ಐದು ದಿನ ಕಾಯುವವರಲ್ಲ.

ಮರುದಿನ ಮಧ್ಯಾಹ್ನದ ಊಟ ಮುಗಿದು ಬೀಗರು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಒಬ್ಬ ಎದ್ದು ಹೊರಗೆ ಓಡಿದ. ಅವನ ಹಿಂದೆ ಇನ್ನಿಬ್ಬರು. ಸ್ವಲ್ಪ ಹೊತ್ತಿನಲ್ಲಿ ಅರಮನೆಯ ಅಂಗಳದ ತುಂಬ ಜನ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ದೇಸಾಯಿಯ ಕಡೆಯವರೂ ಕೆಲವರು ಬಿದ್ದರು, ಆದರೆ ಉಪಚಾರ ಮಾಡಿಸಿಕೊಂಡು ಹೆಚ್ಚು ಉಂಡಿದ್ದ ಬೀಗರೇ ಹೆಚ್ಚು ನರಳಿದರು. ಬಸವಂತಪ್ಪ ಮೂರು ಸಲ ವಾಂತಿಯಾದ ಮೇಲೆ ಕಣ್ಣು ಮೇಲೆ ಮಾಡಿ ಮಲಗಿಬಿಟ್ಟ. ಕೈಕಾಲು ತಣ್ಣಗಾದವು. ಖಾರವೆಂದು ಚಟ್ನಿ ಮುಟ್ಟದ ಮಕ್ಕಳಿಗೆ ಏನೂ ಆಗಿರಲಿಲ್ಲ. ಬೀಗರ ಸರದಾರ, ವರನ ಸೋದರಮಾವ ವೀರನಗೌಡ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಚಟ್ನಿಯಲ್ಲಿ ವಿಷ ಇಟ್ಟವರು ಯಾರೆಂದು ಹೊತ್ತು ಮುಳುಗುವುದರೊಳಗೆ ಹೇಳಬೇಕು, ಇಲ್ಲವಾದರೆ ಇದನ್ನು ಮಾಡಿಸಿದವರು ನೀವೇ ಎಂದು ತಿಳಿಯುತ್ತೇವೆ ಎಂದ. ಹೊಳೆಯಾಚೆಗೆ ಸುದ್ದಿ ಒಯ್ಯಲು ಅವನ ಸವಾರನೊಬ್ಬ ಆಗಲೇ ಕುದುರೆಗೆ ಜೀನು ಬಿಗಿಯುತ್ತಿದ್ದ.

ಚಟ್ನಿಯ ಎಲೆ ಬಂದದ್ದು ಒಂದೇ ತೋಟದಿಂದ. ನೀರಿಗಾಗಿ ಚಾವಡಿಯಲ್ಲಿ ಎದುರು ಮಾತಾಡಿದವಳು ಅವಳೇ. ಯಾರೂ ಹೆಚ್ಚು ಯೋಚಿಸಲಿಲ್ಲ. ಇಬ್ಬರು ಆಳುಗಳು ಹೋಗಿ ಹುಲಿಗೆವ್ವನನ್ನು ತೋಟದಿಂದ ಕರೆತಂದರು. ಅವಳ ಕೈಯ ಕೆಸರು ಇನ್ನೂ ಒಣಗಿರಲಿಲ್ಲ. ದೇಸಾಯಿ ಅವಳನ್ನು ಬೀಗರ ಕೈಗೆ ಒಪ್ಪಿಸುವುದೆಂದು ನಿಶ್ಚಯ ಮಾಡಿಯೇ ಕೂತಿದ್ದ. ಹಾಗೆ ಒಪ್ಪಿಸಿದರೆ ಅವಳು ಹೊಳೆ ದಾಟುವವರೆಗೂ ಬದುಕುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಾಯಿತು. ಅವಳು ನೆಲದ ಮೇಲೆ ಕೂತಳು. ಕೂತವಳು ಕೇಳಿದ ಮೊದಲ ಮಾತು, "ಚಟ್ನಿ ಅರದ್ರಿ. ದಂಟು ಎಲ್ಲಿ ಒಗದ್ರಿ?"

ಅಡಿಗೆಯ ಮರುಳಯ್ಯನಿಗೆ ಪ್ರಶ್ನೆ ತಿಳಿಯಲಿಲ್ಲ. ಎಲೆ ಬಿಡಿಸಿಕೊಂಡ ಮೇಲೆ ಉಳಿದ ದಂಟು, ಎಂದು ಅವಳು ಬಿಡಿಸಿ ಹೇಳಿದಳು. ಹಿತ್ತಿಲ ತಿಪ್ಪೆಯಲ್ಲಿದೆ ಎಂದ. "ತರಸ್ರಿ ಧಣಿ. ಬಾವಿ ದಂಡಿಗೆ ತರಸ್ರಿ, ತೊಳದು ನೋಡಬೇಕು. ಆಮ್ಯಾಲೆ ನೀವು ಎಲ್ಲಿಗೆ ಹೋಗಂತೀರಿ ಅಲ್ಲಿಗೆ ಹೋಗತೀನಿ." ವೀರನಗೌಡ ಇದು ಕಾಲ ಕಳೆಯುವ ಉಪಾಯವೆಂದ. ಆದರೂ ದೇಸಾಯಿ ತರಲು ಹೇಳಿದ. ಎಲ್ಲರೂ ಬಾವಿಯ ದಂಡೆಗೆ ನಡೆದರು. ನಡೆಯುವ ಮೊದಲು ಹುಲಿಗೆವ್ವ ಮಲಗಿದ್ದ ಮುದುಕನ ಮುಖ ನೋಡಿ, ಒಣಗಿಸಿಟ್ಟ ಪುದೀನದ ಪುಡಿ, ಜೀರಿಗೆ, ಚಿಟಿಕೆ ಉಪ್ಪು ಹಾಕಿ ನೀರು ಕುದಿಸಿ, ಆರಿದ ಮೇಲೆ ಒಂದೊಂದೇ ಚಮಚ ಬಾಯಿಗೆ ಬಿಡಿರೆಂದು ಮರುಳಯ್ಯನಿಗೆ ಹೇಳಿದಳು. ಬೀಗರು ಒಪ್ಪಲಿಲ್ಲ. ಆಗ ಅವಳು ಕಷಾಯ ಇಳಿಸುವವರೆಗೂ ಅಲ್ಲೇ ನಿಂತು, ಬಟ್ಟಲು ತುಂಬ ತಾನು ಮೊದಲು ಕುಡಿದು ಉಳಿದದ್ದನ್ನು ಅವರ ಮುಂದೆ ಇಟ್ಟಳು. ಮುದುಕನ ಮೊಮ್ಮಗ, ಮದುಮಗನೇ, ಆ ಬಟ್ಟಲು ಎತ್ತಿಕೊಂಡ.

ತಿಪ್ಪೆಯಿಂದ ತಂದ ದಂಟಿನ ರಾಶಿಯನ್ನು ಡೋಣಿಯ ನೀರಿನಲ್ಲಿ ತೊಳೆದು ಹುಲಿಗೆವ್ವ ದಂಡೆಯ ಕಲ್ಲಿನ ಮೇಲೆ ಎರಡು ಗುಂಪು ಮಾಡಿದಳು. ಮಾಡಿ, ಒಂದೊಂದು ಗುಂಪಿನಿಂದ ಒಂದೊಂದು ದಂಟು ತೆಗೆದು ವೀರನಗೌಡನ ಕೈಗೆ ಕೊಟ್ಟು, "ಬೆರಳಾಗ ಹಿಡಿದು ಹೊಳ್ಳಿಸಿ ನೋಡ್ರಿ ಗೌಡ್ರ" ಎಂದಳು. ಒಂದು ದಂಟು ಬೆರಳುಗಳ ನಡುವೆ ಸಲೀಸಾಗಿ ಉರುಳಿತು. ಇನ್ನೊಂದು ಉರುಳದೆ ತಡೆತಡೆದು ಹೊರಳಿತು. ಅವನು ಕಣ್ಣಿನ ಹತ್ತಿರ ಹಿಡಿದು ನೋಡಿದ. ತಡೆದದ್ದಕ್ಕೆ ನಾಲ್ಕು ಮೂಲೆಗಳಿದ್ದವು. "ನಾಕ ಮೂಲಿ ಇದ್ದದ್ದು ಪುದೀನ. ಎಲಿ ಎದುರುಬದುರು ಜೋಡಿ ಹುಟ್ಟತಾವ, ಒಂದ ಜೋಡಿ ಹಿಂಗ, ಅದರ ಮ್ಯಾಲಿನ ಜೋಡಿ ಅಡ್ಡ. ಕಿತ್ತ ಗುರುತು ನೋಡ್ರಿ. ಈ ಗುಂಡಂದು ಕುಪ್ಪಿ ಗಿಡ. ಇದರ ಎಲಿ ಒಂದ ಇತ್ತಾಗ, ಒಂದ ಅತ್ತಾಗ. ಎಲಿ ಅಂಚು ಎರಡರದ್ದೂ ಗರಗಸಧಂಗ, ದೂರದಿಂದ ಒಂದ ಕಾಣತಾವ. ಇದು ಕಜ್ಜಿಗೆ ಹಚ್ಚೂ ಸೊಪ್ಪು. ಹೊಟ್ಟಿಗೆ ಹೋದ್ರ ತಡಿಯೂದಿಲ್ಲ, ಕಾರಿಸ್ತೈತಿ." ಹೇಳುತ್ತಲೇ ಎರಡು ದಂಟಿಗೂ ಅಂಟಿಕೊಂಡು ಉಳಿದಿದ್ದ ಒಂದೊಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ, ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ವೀರನಗೌಡ ಬಗ್ಗಿ ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ. ಕತ್ತಿಯ ಹಿಡಿಯ ಮೇಲಿದ್ದ ಅವನ ಕೈ ಆಗ ಕೆಳಗಿಳಿಯಿತಂತೆ.

ಆದರೆ ಕುಪ್ಪಿಯನ್ನು ಕಟ್ಟಿನಲ್ಲಿ ಸೇರಿಸಿದವಳು ನೀನೇ ಇರಬಹುದಲ್ಲ ಎಂದು ದೇಸಾಯಿ ಕೇಳಿದ. ಹುಲಿಗೆವ್ವ ದಂಟುಗಳ ಬುಡ ತೋರಿಸಿದಳು. ಅವಳು ಯಾವಾಗಲೂ ಕುಡುಗೋಲಿನಿಂದ ಕೊಯ್ಯುವವಳು. ಪುದೀನದ ದಂಟುಗಳಲ್ಲಿ ಹೆಚ್ಚಿನವು ಓರೆಯಾಗಿ ನುಣ್ಣಗೆ ಕೊಯ್ದವು. ಕೆಲವು ಮಾತ್ರ ಉಗುರಿನಿಂದ ಚಿವುಟಿದವು, ನಾರು ಎಳೆದುಕೊಂಡಂಥವು. ಕುಪ್ಪಿಯ ದಂಟುಗಳೆಲ್ಲವೂ ಚಿವುಟಿದವೇ. ಯಾರೋ ತೋಟಕ್ಕೆ ಬಂದು ಕೈಯಾರೆ ಕಿತ್ತಿದ್ದಾರೆ, ನಾನು ಊಟಕ್ಕೆ ಹೋಗಿದ್ದಾಗ ಬಂದಿರಬೇಕು ಎಂದಳು. ಹೇಳಿದವಳು ಅಲ್ಲಿಗೆ ನಿಲ್ಲಿಸಲಿಲ್ಲ. ಕಜ್ಜಿಗೆ ಬೇಕೆಂದು ಕೇಳಿಕೊಂಡು ಬರುವವರಿಗಾಗಿ ಪುದೀನದ ಮಡಿಯ ಅಂಚಿನಲ್ಲೇ ಕುಪ್ಪಿಯನ್ನು ಕೀಳದೆ ಬಿಟ್ಟಿದ್ದೆ, ಅದು ನನ್ನ ತಪ್ಪು ಎಂದೂ ಹೇಳಿದಳು.

ದೇಸಾಯಿ ಆಳುಗಳ ಕಡೆ ತಿರುಗಿದ. ಅಡಿಗೆಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಪ್ಪು ಯಾರ ಉಡಿಯಲ್ಲಿ ಬಂತೆಂದು ಅವರು ಕಂಡಿದ್ದರು, ಆದರೆ ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಹೆಂಗಸರ ಹಿಂದಿನಿಂದ ಚೆನ್ನಮಲ್ಲವ್ವ ಮುಂದೆ ಬಂದಳು. ಗಂಡಸರ ಸಭೆಗೆ ಅವಳು ಹಾಗೆ ಬಂದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. "ನಾ ಕಿತ್ತೀನಿ" ಎಂದಳು. "ಎರಡ ಕಟ್ಟು ಸಾಲೂದಿಲ್ಲ ಅನಿಸ್ತು. ಬ್ಯಾಡ ಅಂದಾಕಿ ಕೂಡ ಮತ್ತ ಮಾತೇನು ಅಂತ, ಯಾರಿಗೂ ಹೇಳದ ಹೋಗಿ ಉಡಿ ತುಂಬ ಕಿತ್ತೀನಿ. ಎಲಿ ಬಿಡಿಸಿ ಅರಿಯೂ ಕಲ್ಲಿಗೂ ನಾನ ಹಾಕೀನಿ." ಮಗ ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು.

ಹುಲಿಗೆವ್ವ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. "ಕೀಳೂವಾಗ ಮೂಸಿ ನೋಡಲಿಲ್ಲೇನ್ರಿ ಅವ್ವಾರ?" ಎಂದು ಮೆಲ್ಲಗೆ ಕೇಳಿದಳು. ಮುದುಕಿ, "ಮೂಸಿದೆ. ಎರಡ ವರ್ಷ ಆತು, ನನಗ ಯಾವ ವಾಸನಿನೂ ಬರೂದಿಲ್ಲ" ಎಂದಳು. ಒಂದು ಚಳಿಜ್ವರ ಬಂದು ಹೋದ ಮೇಲೆ ಮೂಗು ಸತ್ತುಹೋಗಿತ್ತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ, ಮಲ್ಲಿಗೆ ಮುಡಿದರೂ ತಿಳಿಯುತ್ತಿರಲಿಲ್ಲ. ಗೊತ್ತಾದರೆ ಕೀಲಿಕೈ ಸೊಸೆಯ ಸೊಂಟಕ್ಕೆ ಹೋಗುತ್ತದೆ ಎಂಬ ಅಂಜಿಕೆಯಿಂದ ಬಾಯಿ ಬಿಟ್ಟಿರಲಿಲ್ಲ. ಸದ್ದು ಕೇಳಿ, ಬಣ್ಣ ನೋಡಿ, ಹೆಂಗಸರ ಮುಖ ನೋಡಿ ಎರಡು ವರ್ಷ ಅಡಿಗೆಮನೆ ನಡೆಸಿದ್ದಳು. ಪುದೀನದ ಕಟ್ಟನ್ನು ಮೂಗಿಗೆ ಹಿಡಿಯುತ್ತಿದ್ದದ್ದು ಹಳೆಯ ಅಭ್ಯಾಸದಿಂದ ಮಾತ್ರ. ಈ ಮಾತನ್ನೆಲ್ಲ ಅವಳು ಬೀಗರ ಮುಂದೆ, ಆಳುಕಾಳುಗಳ ಮುಂದೆ ನಿಂತು ಹೇಳಿದಳು. ಅವಳ ಮಗನಿಗೂ ಅದು ಆಗಲೇ ಗೊತ್ತಾದದ್ದು. ದೇಸಾಯರ ವಂಶದವರು ಹೇಳುವಂತೆ, ರಾಚಪ್ಪ ಆಗ ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ನಿಂತ. ತೋಟದ ಮನೆತನದವರು ಹೇಳುವಂತೆ, ಮೊದಲು ಹೋಗಿ ಆ ಮುದುಕಿಯನ್ನು ಕೈಹಿಡಿದು ಡೋಣಿಯ ಕಟ್ಟೆಯ ಮೇಲೆ ಕೂರಿಸಿದವಳು ಹುಲಿಗೆವ್ವ.

ವೀರನಗೌಡ, ಮೊಮ್ಮಗಳ ನಿಶ್ಚಯದ ಊಟಕ್ಕೆ ಅಜ್ಜಿಯೇ ವಿಷ ಹಾಕುವುದುಂಟೆ ಎಂದಷ್ಟೇ ಹೇಳಿ, ಸವಾರನ ಕುದುರೆಯ ಜೀನು ಬಿಚ್ಚಿಸಿದ. ಹೊತ್ತು ಇಳಿಯುವಷ್ಟರಲ್ಲಿ ಬಸವಂತಪ್ಪ ಕಣ್ಣು ತೆರೆದು ಗಂಜಿ ಕೇಳಿದ ಸುದ್ದಿ ಬಂತು. ಕುಪ್ಪಿಯ ಗುಣವೇ ಅಷ್ಟು, ಬಂದಷ್ಟೇ ಬೇಗ ಇಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಕಷಾಯದಿಂದ ಬದುಕಿದ ಎಂದು ಕೆಲವರು. ಮದುವೆ ಆ ವರ್ಷವೇ ಆಯಿತು. ಗಡಿಯ ಜಗಳ ಪೂರ್ತಿ ತೀರಲಿಲ್ಲ, ಆದರೆ ಅದಕ್ಕಾಗಿ ಮತ್ತೆ ಯಾರೂ ಸಾಯಲಿಲ್ಲ.

ತಪ್ಪಿಲ್ಲದವಳ ಮೇಲೆ ತಪ್ಪು ಹೊರಿಸಿದ್ದಕ್ಕೆ ಏನು ಬೇಕೋ ಕೇಳು ಎಂದು ದೇಸಾಯಿ ಹುಲಿಗೆವ್ವನಿಗೆ ಹೇಳಿದ. ಅವಳು ತನ್ನ ನೀರಿನ ಪಾಳಿ ಕೇಳಿದಳು. ಪಾಳಿ ಪೂರ್ತಿ ಅವಳಿಗೆ ಬಂತು. ಲಾಯಕ್ಕೆ ಬೇರೆ ಬಾವಿ ತೋಡಿಸಿದರು. ಅದು ಈಗ ಹೂಳು ತುಂಬಿ ಮುಚ್ಚಿದೆ. ಹುಲಿಗೆವ್ವ ಕುಪ್ಪಿಯನ್ನು ಮಡಿಯ ಅಂಚಿನಿಂದ ಕಿತ್ತು ಬಾವಿಯ ಆಚೆ ಗೋಡೆಯ ಹೊರಗೆ ಹಾಕಿದಳು. ಇನ್ನು ಮುಂದೆ ಅಡಿಗೆಗೆ ಹೋಗುವ ಯಾವ ಸೊಪ್ಪೇ ಆಗಲಿ, ಬಾವಿಯ ದಂಡೆಯಲ್ಲಿ ಇಬ್ಬರು ಆರಿಸಿ ಮೂಸಿದ ಮೇಲೆಯೇ ಅರಮನೆಯೊಳಗೆ ಹೋಗಬೇಕೆಂದು ಕಟ್ಟಳೆಯಾಯಿತು. ಅದರಿಂದಲೇ ಇದು ಮೂಸುವ ಬಾವಿ, ಬಾಯಿಂದ ಬಾಯಿಗೆ ಸವೆದು ಮೂಸಬಾವಿ.

ಚೆನ್ನಮಲ್ಲವ್ವ ಕೀಲಿಕೈಯನ್ನು ಅದೇ ದಿನ ಸೊಸೆಗೆ ಕೊಟ್ಟಳು. ಮುಂದಿನ ಕೆಲವು ದಿನ ಹೊರಗೆ ಬರಲಿಲ್ಲ. ಹುಲಿಗೆವ್ವ ಒಂದು ಬೆಳಿಗ್ಗೆ ಅರಮನೆಯ ಹಿತ್ತಿಲ ಬಾಗಿಲಿಗೆ ಹೋಗಿ, "ಸೊಪ್ಪು ಆರಿಸಾಕ ಒಬ್ಬರು ಕಮ್ಮಿ ಅದಾರ ಅವ್ವಾರ. ಮೂಸೂದು ನಾ ಮೂಸತೀನಿ, ನೀವು ದಂಟು ನೋಡ್ರಿ" ಎಂದಳಂತೆ. ಅಂದಿನಿಂದ ಮುದುಕಿ ತಾನು ಬದುಕಿರುವವರೆಗೂ ಬೆಳಗಿನ ಹೊತ್ತು ಡೋಣಿಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಒಂದೊಂದು ದಂಟನ್ನೂ ಬೆರಳಿನಲ್ಲಿ ಹೊರಳಿಸಿ ನೋಡಿ ಪಕ್ಕದವಳಿಗೆ ದಾಟಿಸುವಳು. ಒಮ್ಮೊಮ್ಮೆ ಕೆಲಸ ನಿಲ್ಲಿಸಿ, ಇವತ್ತಿನದು ಹೇಗಿದೆ ಎಂದು ಕೇಳುವಳು. ಹುಲಿಗೆವ್ವ ಮೂಸಿ ಹೇಳುವಳು: ಇವತ್ತು ಖಾರ ಹೆಚ್ಚು, ನಿನ್ನೆ ಬಿಸಿಲು ಜೋರಿತ್ತು; ಇನ್ನೊಂದು ದಿನವಾದರೆ, ಇವತ್ತು ಸಪ್ಪಗೈತಿ, ನೀರು ಹೆಚ್ಚಾಗೈತಿ. ಮುದುಕಿ ಅದನ್ನು ಕೇಳಿಕೊಂಡು ತಲೆಯಾಡಿಸುವಳು.

ಅರಮನೆ ಬಿದ್ದು ಹೋಗಿ ಇನ್ನೂರು ವರ್ಷವಾಗಿರಬೇಕು. ಕಟ್ಟಳೆ ಹಾಕಿದವರೂ ಇಲ್ಲ, ಸೊಪ್ಪು ಹೋಗುತ್ತಿದ್ದ ಅಡಿಗೆಮನೆಯೂ ಇಲ್ಲ. ಈಗಿನ ಸೊಪ್ಪು ಬೆಳಗಿನ ಟಂಟಂ ಗಾಡಿಯಲ್ಲಿ ಸಂತೆಗೆ ಹೋಗುತ್ತದೆ. ಆದರೆ ನಮ್ಮ ಊರಿಗೆ ಬಂದವರು ಈಗಲೂ ಒಂದು ಸಂಗತಿ ಕಾಣುತ್ತಾರೆ. ಬೇರೆ ಊರುಗಳಲ್ಲಿ ವಯಸ್ಸಾದವರು ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ ಎನ್ನುತ್ತಾರೆಯೇ ಹೊರತು ಮೂಗಿನ ಮಾತು ಎತ್ತುವುದಿಲ್ಲ. ಇಲ್ಲಿ ಹಾಗಲ್ಲ. ಬೆಳಿಗ್ಗೆ ಏಳರ ಸುಮಾರಿಗೆ ಬಾವಿಯ ಹತ್ತಿರ ಹೋಗಿ ನಿಂತರೆ, ಕಟ್ಟೆಯ ಮೇಲೆ ಕೂತ ಇಬ್ಬರೋ ಮೂವರೋ ಮುದುಕಿಯರಲ್ಲಿ ಒಬ್ಬರು ನಿಮ್ಮನ್ನು ಹತ್ತಿರ ಕರೆಯುತ್ತಾರೆ. ನೀವು ಯಾರು, ಯಾವ ಊರಿನವರು ಎಂದು ಕೇಳುವುದಿಲ್ಲ. ಒಂದು ಎಲೆ ಹಿಸುಕಿ ನಿಮ್ಮ ಮುಂದೆ ಹಿಡಿದು, "ನನಗ ತಿಳಿಯೂದಿಲ್ಲಪ್ಪ, ನೀ ಮೂಸಿ ಹೇಳು" ಎನ್ನುತ್ತಾರೆ. ನೀವು ಹೇಳುವವರೆಗೂ ಆ ಕಟ್ಟು ಕಟ್ಟುವುದಿಲ್ಲ.